ಷರಾ

ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜುತ್ತೇನೆ.
ನೀರು ಮೊದಲು ಕೆಂಪು, ಆಮೇಲೆ ಕಾಫಿ, ಆಮೇಲೆ ನೀರು.
ಮ್ಯೂಸಿಯಂ ನಲ್ಲಿಗೆ ಕಾವೇರಿ ವಾರಕ್ಕೆರಡೇ ದಿನ,
ಹಾಗಾಗಿ ಮನೆಗೇ ತಂದೆ:
ಜಾಲಹಳ್ಳಿಯ ಆಚೆ, ಅಪಾರ್ಟ್‌ಮೆಂಟಿಗೆ ಪಾಯ ತೋಡಿದಲ್ಲಿ
ಜೆಸಿಬಿ ಹಲ್ಲಿಗೆ ಸಿಗದೆ ಉಳಿದ ಮೂರು ಬಕೆಟ್ ಮಣ್ಣು,
ಜರಡಿ ಹಿಡಿದರೆ ಇನ್ನೂರ ಹದಿನಾಲ್ಕು ಚೂರು,
ಹೆಚ್ಚಿನವು ಕಿರುಬೆರಳ ಉಗುರಿನಷ್ಟು.
ಒಣಗಲು ಹರಡಿದ್ದೇನೆ ನಿನ್ನೆಯ ಪತ್ರಿಕೆಯ ಮೇಲೆ,
ನಿವೇಶನ ಮಾರಾಟದ ಪುಟ.

ಚಕಮಕಿ ಕಲ್ಲು ಈ ಊರ ಕಡೆ ಬರಲಿಲ್ಲ.
ಪುಸ್ತಕದ ಚಿತ್ರಗಳಲ್ಲಿ ಅದು ತೆಂಗಿನ ಹೋಳಿನಂತೆ ಸೀಳುತ್ತದೆ,
ಬಡಿದವನು ನೆನೆದ ಹಾಗೆಯೇ ಚಕ್ಕೆ ಏಳುತ್ತದೆ.
ನಮ್ಮದು ಬೆಣಚು. ಮೊಂಡು.
ಹೊರಗೆ ಕಲ್ಲುಸಕ್ಕರೆ, ಒಳಗೆ ಸಾವಿರ ಬಿರುಕು;
ಇಲ್ಲಿ ಹೊಡೆದರೆ ಅಲ್ಲಿ ಒಡೆಯುತ್ತದೆ,
ಅಲ್ಲಿ ಹೊಡೆದರೆ ಪುಡಿ.
ಕಛೇರಿಯ ಹಿಂದೆ ಹೊಂಗೆಯ ಕೆಳಗೆ ನಾನೂ ಕೂತು ನೋಡಿದ್ದೇನೆ:
ಒಂದು ಭಾನುವಾರ, ಎರಡು ಹೆಬ್ಬೆರಳು,
ಒಂದು ಟಿಟಿ ಇಂಜೆಕ್ಷನ್,
ಅಲಗು ಸೊನ್ನೆ.

ಮೆಟ್ರೋದಲ್ಲಿ ಬ್ಯಾಗು ತಡೆದ ಹುಡುಗಿ ಕೇಳಿದ್ದಳು,
"ಇದೇನ್ ಮೇಡಂ?"
ಸುಳ್ಳು ಹೊಳೆಯಲಿಲ್ಲ. "ಚಾಕು" ಅಂದೆ.
"ಎಷ್ಟಿದೆ?" "ಇನ್ನೂರ ಹದಿನಾಲ್ಕು."
ಪೊಟ್ಟಣ ಬಿಚ್ಚಿ, ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು,
ತನ್ನ ಉಗುರಿನ ಮೇಲೆ ಎಳೆದು ನೋಡಿದಳು.
ನೇರಳೆ ಬಣ್ಣ ಎದ್ದು ಬಂತು.
ಹಿಂದಿನ ಸಾಲು ಗೊಣಗಿತು.
"ಕಲ್ಲು ತಾನೆ, ಹೋಗಿ" ಅಂದಳು,
ಕೈ ಮಾತ್ರ ಬ್ಯಾಗಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು.

ಸುಂಕಮ್ಮ ನಮ್ಮ ಬೀದಿಗೆ ವರ್ಷಕ್ಕೆರಡು ಸಲ ಬರುತ್ತಾಳೆ,
ಒರಳಿಗೆ ಮುಳ್ಳು ಹಾಕುವವಳು.
ಇಡೀ ಬೀದಿಗೆ ಈಗ ಮೂರೇ ಒರಳು,
ಅದರಲ್ಲೊಂದರಲ್ಲಿ ದೊಡ್ಡಪತ್ರೆ ಬೆಳೆದಿದೆ.
ಚಾಣ ಸುತ್ತಿಗೆ ಪಕ್ಕಕ್ಕಿಟ್ಟು ಟೀ ಊದುತ್ತಾ
ಪತ್ರಿಕೆಯ ಮೇಲಿನದನ್ನು ನೋಡಿದಳು. ಕೇಳಲಿಲ್ಲ. ಕೂತಳು.
ನಾನೇ ಶುರುಮಾಡಿದೆ: ಎಷ್ಟೋ ಸಾವಿರ ವರ್ಷ,
ಬಾಣಕ್ಕೆ ಮೊನೆ, ತೊಗಲಿಗೆ ಹೆರೆಯುವ ಅಂಚು...
ಅವಳಿಗೆ ವರ್ಷ ಬೇಕಿರಲಿಲ್ಲ.
ಒಳ್ಳೊಳ್ಳೆಯ ಅಲಗುಗಳನ್ನೆಲ್ಲ ದಾಟಿ,
ಬಿಸಾಡುವಂತಿಲ್ಲವೆಂದಷ್ಟೇ ನಾನು ಮೂಲೆಗಿಟ್ಟಿದ್ದ
ಒಂದು ವಕ್ರ ಗುಂಡನ್ನು ಎತ್ತಿಕೊಂಡಳು.
ತಿರುಗಿಸಿದಳು. ಹೆಬ್ಬೆರಳು ಒಂದು ಕಡೆ ನಿಂತಿತು.

"ಇದು ಕಲಿಯೋರ ಕೈ ಕಣಮ್ಮ.
ನೋಡು, ಒಂದೇ ಕಡೆ ನಾಕು ಏಟು.
ಮೊದಲನೇದು ಕೂರ್ಲಿಲ್ಲ. ಕಲ್ಲು ತಿರುಗಿಸ್ಕೋಬೇಕಿತ್ತು, ತಿರುಗಿಸ್ಲಿಲ್ಲ.
ಸಿಟ್ಟು. ಅಲ್ಲೇ ಇನ್ನೊಂದು. ಅಲ್ಲೇ ಇನ್ನೊಂದು.
ಆಮೇಲೆ ಯಾರೋ ಕೈಯಿಂದ ಕಿತ್ಕೊಂಡವ್ರೆ.
ಈ ಕಡೆ ಐತಲ್ಲ, ಒಂದೇ ಏಟು, ಎಂಗೆ ಎದ್ದೈತೆ ನೋಡು.
ಇದು ಬೇರೆ ಕೈ."

ಹೇಗೆ ಗೊತ್ತು ಅಂದೆ.
ಎಡಗೈ ಚಾಚಿದಳು. ತೋರುಬೆರಳ ಗೆಣ್ಣಿನ ಮೇಲೆ
ಬಿಳಿ ಗಾಯಗಳು, ಒಂದರ ಮೇಲೊಂದು, ಎಣಿಸಲಾಗದಂತೆ.
"ನಮ್ಮವ್ವ ಕಿತ್ಕೊಳ್ತಿದ್ಲು."

ನಮ್ಮ ವಹಿಯಲ್ಲಿ ಹನ್ನೊಂದು ಕಾಲಂ.
ಉದ್ದ, ಅಗಲ, ದಪ್ಪ, ತೂಕ.
ಬಗೆ ಎಂಬಲ್ಲಿ ಆ ಗುಂಡಿಗೆ ನಾನು ಬರೆದದ್ದು: ತ್ಯಾಜ್ಯ.
ಕೊನೆಯದು ಷರಾ.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅಲ್ಲಿ
ಅಡ್ಡಗೆರೆ ಬಿಟ್ಟು ಬೇರೇನೂ ಎಳೆದವಳಲ್ಲ.
ಪೆನ್ಸಿಲ್ಲಿನಲ್ಲಿ ಬರೆದೆ: ಎರಡು ಕೈ.
ಸಾಹೇಬರು 'ಆಧಾರ?' ಎಂದು ಕೇಳಿ ಅಳಿಸಿಸಿದರು.
ಒತ್ತಿ ಬರೆದಿದ್ದೆ;
ಪುಟವನ್ನು ಕಿಟಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ.

ಅವತ್ತು ಸುಂಕಮ್ಮ ಒರಳಿಗೆ ನೂರೈವತ್ತು ಕೇಳಿದಳು,
ನಾನು ನೂರಿಪ್ಪತ್ತಕ್ಕೆ ಇಳಿಸಿದೆ.
ಕಲ್ಲು ಓದಿದ್ದಕ್ಕೆ ಅವಳು ಕೇಳಲಿಲ್ಲ,
ಕೊಡಬೇಕೆಂದು ನನಗೂ ತೋಚಲಿಲ್ಲ.
ಗೇಟು ದಾಟಿ ಅವಳ ಕೂಗು ಹೈಸ್ಕೂಲಿನ ತಿರುವಿಗೆ ಹೋಯಿತು.

ರಾತ್ರಿ ಚಟ್ನಿಯಲ್ಲಿ ಹಲ್ಲಿಗೆ ಒಂದು ಹರಳು ಸಿಕ್ಕಿತು,
ಹೊಸ ಮುಳ್ಳಿನದು.
ತಕ್ಷಣ ಉಗುಳಲಿಲ್ಲ.
ನಾಲಗೆಯಲ್ಲೇ ತಿರುಗಿಸಿ ನೋಡಿದೆ,
ಅಂಚು ಯಾವ ಕಡೆಗಿದೆ ಎಂದು.