ಹನ್ನೊಂದೂವರಿ ತಾಸು

ಅಥಣಿ ರೋಡಿನ ಬೇವಿನ ಗಿಡದ ಬುಡಕ
ನಂದೊಂದು ಗ್ಯಾರೇಜು. ಬೋರ್ಡಿಲ್ಲ.
ವಿಜಯಪುರದಾಗ ಲಾಲಸಾಬ ಅಂದ್ರ ಸಾಕು,
ಟಾಂಗಾದವರೂ ದಾರಿ ತೋರಸ್ತಾರ.

ಮುಂಜಾನಿ ಏಳಕ್ಕ ಷಟರ್ ಎತ್ತಿದೆ, ಫೋನ್ ಟಿಂಗ್ ಅಂತು.
ನೀಲಗಂಗಾ ಅಕ್ಕೋರು. ನಿಕರಾಗುವಾದಿಂದ.
ಅಲ್ಲಿ ನಿನ್ನಿನ ಸಂಜಿ ಏಳೂವರಿ.
ನಾ ಇವತ್ತಿನ ಚಾ ಕುಡಿಯೂ ಹೊತ್ತಿಗೆ
ಅವರಿನ್ನೂ ನಿನ್ನಿಯೊಳಗಽ ಅದಾರ.

ಮೂವತ್ತು ವರ್ಷ ಹೆಣ್ಮಕ್ಕಳ ಸಾಲ್ಯಾಗ ಭೂಗೋಳ ಹೇಳಿದವರು.
ಎರಡು ಅಮೆರಿಕಾದ ನಡುವಿನ ಸಣ್ಣ ನಡಾ ಬಂದಾಗೊಮ್ಮೆ
“ಇದು ಪರೀಕ್ಷಾದಾಗ ಬರೂದಿಲ್ಲ, ಬಿಡ್ರಿ” ಅಂತ
ಮೂವತ್ತು ಸಲ ಕೋಲು ಸರಿಸಿದವರು.
ಈಗ ರಿಟೈರ್ ಆಗಿ
ಆ ಬಿಟ್ಟ ಪಾಠ ಓದಾಕ ಹೋಗ್ಯಾರ,
ಗಾಡಿ ಮ್ಯಾಲೆ.

ಗಾಡಿ ಕಲಿಸಿದಾಂವ ನಾನಽ.
ಸೈನಿಕ ಶಾಲೆ ಆಚಿ ಬಯಲಾಗ ಎಂಟು ಸಲ ಬಿದ್ರು.
ಎಂಟನೇ ಸಲ ಮೊಣಕೈ ಝಾಡಿಸಿ,
“ಭೂಮಿ ಗುಂಡಗೈತಿ ಅಂತಿದ್ದೆ ಲಾಲಸಾಬಣ್ಣ,
ಇಷ್ಟು ಗಟ್ಟಿ ಐತಿ ಅಂತ ಗೊತ್ತಿದ್ದಿಲ್ಲ.”

ಈಗ ಫೋನಿನಾಗ ಅದಽ ದನಿ:
“ಲಿಯೋನ್ ಅಂಬೋ ಊರು ದಾಟೀನಿ. ಮಗ್ಗಲಕ್ಕ ಕರೀ ಗುಡ್ಡ.
ಬಾಡಿಗಿ ಗಾಡಿ. ಏರು ಬಂದ್ರ ಕೆಮ್ಮತೈತಿ. ಕೇಳ್ರಿ.”
ಆಮ್ಯಾಲೆ ನಲವತ್ತು ಸೆಕೆಂಡು
ಬರೇ ಇಂಜಿನ್.

ಕಂಪ್ರೆಸರ್ ಬಂದ್ ಮಾಡಲೇ ಪರಶ್ಯಾ, ಅಂದೆ.
ಕಣ್ಣು ಮುಚ್ಚಿದೆ.
ಮೊದಲು ಗಾಳಿ. ಒಂದು ಕೋಳಿ.
ಯಾರೋ ತಿಳಿಯದ ಮಾತಿನಾಗ ನಕ್ಕಿದ್ದು
(ನಗಿ ಮಾತ್ರ ತಿಳೀತು).
ಅದರ ತಳಕ್ಕ ಗಾಡಿ.
ಟ್ಯಾಪೆಟ್ ಅಲ್ಲ. ಚೈನೂ ಅಲ್ಲ.
ಉಸಿರು. ಉಸಿರಿನಾಗ ಏನೋ ಸಿಕ್ಕೈತಿ.

ಬುತ್ತಿ ತಂದ ಹುಸೇನಬಿ ಬಾಗಿ ಕೇಳಿದ್ಲು:
“ಯಾರೋ ರೊಟ್ಟಿ ಬಡಿಯಾಕತ್ಯಾರ.”
ಮತ್ತ ಹಚ್ಚಿದೆ. ಹೌದು, ಹಿಂದ ಪಟ್ ಪಟ್.
“ಜ್ವಾಳದ್ದಲ್ಲ. ಹಿಟ್ಟು ಹಸಿ.
ಕಲ್ಲಿನ ಮ್ಯಾಲಲ್ಲ, ಎರಡು ಅಂಗೈ ನಡುವ ಬಡೀತಾಳ.
ಇಷ್ಟ್ಯಾಕ ಸಣ್ಣದು? ಹೊಟ್ಟಿ ತುಂಬತೈತೇನ ಅಕ್ಕೋರದು?”
ಅದಽ ನಲವತ್ತು ಸೆಕೆಂಡಿನಾಗ
ನಾವು ಗಂಡಾಹೆಂಡ್ತಿ ಬ್ಯಾರೆ ಬ್ಯಾರೆ ಓಣಿ ಹೊಕ್ಕಿದ್ವಿ.

ಅಕ್ಕೋರ, ದಾರಿ ಧೂಳ ಯಾವ ಬಣ್ಣ?
“ಕರೀದು. ಬೂದಿ. ಗುಡ್ಡ ಉಗುಳಿದ್ದು.”
ನಮ್ಮ ಎರಿ ಹಂಗ?
“ಎರಿ ಅಂಟತೈತಿ. ಇದು ಕೊರೀತೈತಿ.
ಆದ್ರ ನಮ್ಮ ಎರಿನೂ ಒಂದು ಕಾಲಕ್ಕ ಬೆಂಕಿನಽ, ಅಣ್ಣ.
ಆರಿ ಆರೂವರಿ ಕೋಟಿ ವರ್ಷ ಆತು.
ಇಲ್ಲಿದು ಇನ್ನೂ ಹರೇದ್ದು.”

ಇಪ್ಪತ್ತೆಂಟು ವರ್ಷ ಮಡ್‌ಗಾರ್ಡಿನಿಂದ ಆ ಎರಿ ಕೆರೆದೀನಿ,
ಬೈಕೋತ.
ಅವತ್ತು ಉಗುರು ನೋಡ್ಕೊಂಡೆ.

ಎಡಕ್ಕ ಎರಡು ಸ್ಕ್ರೂ, ಅಕ್ಕೋರ.
ಫಿಲ್ಟರ್ ತಗೀರಿ, ಝಾಡಸ್ರಿ. ನೀರು ಬ್ಯಾಡ,
ಪೆಟ್ರೋಲಿನಾಗ ತೊಳೀರಿ, ಗಾಳಿಗೆ ಇಡ್ರಿ.
ಎರಡು ಹನಿ ಆಯಿಲ್. ಹಿಂಡ್ರಿ, ತಿರುವಬ್ಯಾಡ್ರಿ.
ಕೂಸಿನ ತಲಿ ಒರಸ್ದಂಗ.

ಮಧ್ಯಾಹ್ನ ಬಂತು ಸಪ್ಪಳ, ಮಾತಿಲ್ಲದ್ದು.
ಒಂದಽ ಎಳಿ, ಗಂಟಿಲ್ಲ.
ಗುಮ್ಮಟದಾಗ ಕೂಗಿದ್ರ ಏಳು ಸಲ ಕೇಳಸ್ತೈತಂತ.
ಏಳು ಸಲ ಹಚ್ಚಿದೆ ನಾನೂ.
ಪಂಕ್ಚರಿಗೆ ಬಂದ ಹಾಲಿನ ಮಲ್ಲಪ್ಪ
“ಯಾರ ಹಾಡಿದು?” ಅಂದ.

ಅಕ್ಕೋರು ಕೊಟ್ಟ ಹಳೇ ನಕಾಶ ತಗಡಿಗೆ ಹಚ್ಚೀನಿ.
ಅವರಿದ್ದಲ್ಲಿ ಗುರ್ತು ಇರಲಿ ಅಂತ
ಗ್ರೀಸಿನ ಹೆಬ್ಬಟ್ಟು ಒತ್ತಿದೆ.
ದೇಶ ಪೂರಾ ಮುಚ್ಚಿ ಹೋತು.

ಅದಾಗಿ ಒಂಬತ್ತು ದಿನ. ಫೋನ್ ಸುಮ್ಮನೈತಿ.
“ಒಮ್ಮೆ ಕೇಳಬಾರದೇನು?” ಹುಸೇನಬಿ ಕೇಳ್ತಾಳ.
ಹುಚ್ಚಿ, ಚೊಲೊ ಓಡೂ ಗಾಡಿ
ನಮ್ಮ ಅಂಗಡಿಗೆ ಬರೂದಿಲ್ಲ, ಅಂತೀನಿ.

ಆದ್ರೂ ಸಂಜಿ ಏಳಾತಂದ್ರ
ಅಲ್ಲಿ ಮುಂಜಾನಿ ಏಳೂವರಿ, ಕಿಕ್ ಹೊಡಿಯೂ ಹೊತ್ತು,
ಷಟರ್ ಎರಡೂ ಕೈಲೆ ಹಿಡಿದು
ಸಪ್ಪಳ ಆಗದಂಗ ಇಳಸ್ತೀನಿ.