ಐದರ ಬತ್ತಿ

ಮೊದಲು ಬಂದಾಗ ರೊವೆನಾ ಮಾರ್ಚ್ ಒಂಬತ್ತು ಅಂದಳು.
ಹಿಟ್ಟು ಮೆತ್ತಿದ ಪುಸ್ತಕದಲ್ಲಿ ಬರೆದುಕೊಂಡೆ:
ನೇರಳೆ ಗೆಣಸಿನ ಕೇಕು, ಎರಡಂತಸ್ತು,
ನೆತ್ತಿಯ ಮೇಲೊಂದು ಸಕ್ಕರೆ ಹಡಗು.
ಹೆಸರು ಲುಸಿಂಗ್. ತುಂಬುವುದು ಐದು.
ಹಡಗಿನ ಮೂತಿ ಯಾವ ಕಡೆ ಇರಲಿ ಅಂದೆ.
ಕೇಳುವುದೇನು ತಿಯಾ, ಅಂದಳು, ಮನೆ ಕಡೆ.

ಇಲೋಯ್ಲೋದ ಈ ಗಲ್ಲಿಯಲ್ಲಿ, ಲಾಪಾಸ್ ಸಂತೆಯ ಬೆನ್ನಿಗೆ,
ಮನೆಗೊಬ್ಬ ಗಂಡಸು ನೀರಿನ ಮೇಲಿದ್ದಾನೆ.
ಹುಟ್ಟಿದ ದಿನ ಇಲ್ಲಿ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ,
ಕಂಪನಿಯ ಮಾತು ಕೇಳುತ್ತದೆ.
ಮೂವತ್ತು ವರ್ಷದಲ್ಲಿ ನಾನು ಡಿಸೆಂಬರಿನ ಮಕ್ಕಳನ್ನು
ಮೇ ತಿಂಗಳಲ್ಲಿ ಹುಟ್ಟಿಸಿದ್ದೇನೆ.
ಒಬ್ಬನಿಗಂತೂ ಎರಡು ಸಲ ಏಳು ತುಂಬಿಸಿದ್ದೇನೆ,
ಒಮ್ಮೆ ಅಜ್ಜಿಗಾಗಿ, ಒಮ್ಮೆ ಅಪ್ಪನಿಗಾಗಿ.

ಒಂಬತ್ತು ಇಪ್ಪತ್ಮೂರಾಯಿತು.
ಡೊಮಿನಡೋರನ ಹಡಗು ಬ್ರೆಜಿಲಿನ ಬಂದರಿನ ಹೊರಗೆ
ಸೋಯಾ ತುಂಬಿಸಲು ಸರದಿ ನಿಂತಿದೆ,
ಮುಂದೆ ನಲವತ್ತೊಂದು ಹಡಗು.
ಸರ್ಕಾರಿ ಅಕ್ಕಿಯ ಸಾಲೇ ವಾಸಿ, ಅಂದಳು ಅವನ ತಾಯಿ.
ಇಪ್ಪತ್ಮೂರು ಏಪ್ರಿಲ್ ಆರಾಯಿತು.
ಆರಕ್ಕೆ ಗೀಟು ಎಳೆದು, ಪಕ್ಕದಲ್ಲಿ
ರೊವೆನಾಳೇ ನನ್ನ ಪೆನ್ನು ಕಸಿದು ಬರೆದಳು: ನೋಡೋಣ.

ಕುರ್ಚಿ ಬಾಡಿಗೆಯವನೂ ನೋಡೋಣ ಅಂದ.
ಉದ್ದ ಶ್ಯಾವಿಗೆ ಡಬ್ಬಿಯಲ್ಲಿದೆ, ಆಯುಸ್ಸಿಗೇನು ಅವಸರ.
ಹಂದಿಮರಿ ಮಾತ್ರ ಕಾಯಲಿಲ್ಲ.
ಮುಂಗಡ ಕೊಟ್ಟಾಗ ಹದಿನೆಂಟು ಕಿಲೋ ಇದ್ದದ್ದು
ಮುಂದೂಡಿದಷ್ಟೂ ಉಬ್ಬಿ ಈಗ ಮೂವತ್ತೊಂದು.
ತೂಕಕ್ಕೆ ತಕ್ಕ ದುಡ್ಡು ಅಂತಾನೆ ಸಾಕಿದವನು.
ರೊವೆನಾ ಅದರ ಬೇಲಿಗೆ ಒರಗಿ ನಿಂತು
ಸ್ವಲ್ಪ ಕಡಿಮೆ ತಿನ್ನೋ ಮಾರಾಯ ಎಂದು ಬೇಡಿದ್ದನ್ನು
ನಾನೇ ಕಂಡಿದ್ದೇನೆ.

ಬೆಳೆಯಲೇಬಾರದೆಂದು ಹಠ ಹಿಡಿದವಳು ಲುಸಿಂಗ್.
ದಿನಾ ಮಧ್ಯಾಹ್ನ ಬ್ರೆಡ್ಡಿಗೆ ಬಂದು ನಾಣ್ಯ ಎಣಿಸುತ್ತಾಳೆ.
ಐದಾಯಿತಲ್ಲೇ ನಿನಗೆ, ಅಂದರೆ
ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಬಚ್ಚಿಟ್ಟು
ನಾಲ್ಕು ತೋರಿಸುತ್ತಾಳೆ.
ಅಪ್ಪ ಬಂದಮೇಲೆ ಐದು.
ಟೀಚರಿಗೂ ನಾಲ್ಕು. ಪಾದ್ರಿಗೂ ನಾಲ್ಕು.
ಜೀಪ್ನಿಯಲ್ಲಿ ತಾಯಿಯ ತೊಡೆಯ ಮೇಲೆ ಪುಕ್ಕಟೆ ನಾಲ್ಕು,
ಅದಕ್ಕೆ ತಾಯಿಯೂ ತಕರಾರು ಮಾಡುವುದಿಲ್ಲ.
ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಹಾಕಹೋದರೆ
ಮೊಣಕಾಲು ಬಗ್ಗಿಸುತ್ತಾಳಂತೆ.
ಹಳೆಯ ಚಪ್ಪಲಿಯಲ್ಲಿ ಬೆರಳು ಸುರುಟಿಕೊಂಡು ನಡೆಯುತ್ತಾಳೆ,
ಹಿಮ್ಮಡಿ ಹಿಂದೆ ಜಾರಿ ನೆಲ ಸವರುತ್ತಿದ್ದರೂ.

ಮಂಗಳವಾರ ಬಂದವಳು ಬ್ರೆಡ್ಡು ಕೇಳಲಿಲ್ಲ.
ಬಾಯಿ ತೆರೆಯದೆ ಮುಷ್ಟಿ ತೆರೆದಳು.
ಕೆಳಸಾಲಿನ ಹಾಲುಹಲ್ಲು, ಅಕ್ಕಿಕಾಳಿಗಿಂತ ತುಸು ದೊಡ್ಡದು,
ಒಂದು ಮಗ್ಗುಲಿಗೆ ರಕ್ತ.
ತಿಯಾ, ಹಡಗಿನ ಚಿಮಣಿ ಯಾತರಿಂದ ಅಂಟಿಸಿದೆ?
ಸಕ್ಕರೆ, ಮೊಟ್ಟೆಯ ಬಿಳಿ.
ಅದರಲ್ಲೇ ಇದನ್ನೂ ಅಂಟಿಸು. ಅಮ್ಮ ನೋಡುವುದರೊಳಗೆ.

ಅಂಟಿಸುವುದೇ ನನ್ನ ಕಸುಬು:
ಗುಲಾಬಿಗೆ ಎಸಳು,
ದಾರಿಯಲ್ಲಿ ಮುರಿದ ಸಕ್ಕರೆ ಮದುಮಗನಿಗೆ ಕಾಲು.
ಬಾಯಲ್ಲಿ ಸಕ್ಕರೆ ನಿಲ್ಲುವುದಿಲ್ಲ ಮಗೂ, ಅಂದೆ.
ಅಳುತ್ತಾಳೆಂದುಕೊಂಡೆ. ಅಳಲಿಲ್ಲ.
ನಾಲಿಗೆಯ ತುದಿಯಿಂದ ಆ ಕಿಂಡಿಯನ್ನು ತಡವುತ್ತ ನಿಂತಳು,
ಅಲ್ಲಿ ಆಗಲೇ ಏನೋ ಚೂಪಾಗಿ ತಾಗಿತೋ ಏನೋ.

ಅಟ್ಟದಿಂದ ಹಡಗಿನ ಡಬ್ಬಿ ಇಳಿಸಿದೆ.
ತೇವ ಹೀರಲೆಂದು ತಳಕ್ಕೆ ಅಕ್ಕಿ ಹರಡಿ
ಫೆಬ್ರವರಿಯಿಂದ ಅದನ್ನು ಕಾಪಾಡುತ್ತಿದ್ದೇನೆ.
ಕಿಟಕಿಗಳ ನೀಲಿ ಮಾಸಿದೆ.
ಪಕ್ಕದಲ್ಲಿ ಕಾಗದ ಸುತ್ತಿದ ಐದರ ಬತ್ತಿ;
ಅದನ್ನು ಅವಳು ನೋಡದವಳಂತೆ ನೋಡಿದಳು.
ಹಲ್ಲನ್ನು ಇದರ ಹೊಟ್ಟೆಯಲ್ಲಿಡು, ಅಪ್ಪನಿಗೆ ತೋರಿಸುವಿಯಂತೆ, ಅಂದೆ.
ಎರಡೇ ಬೆರಳಲ್ಲಿ ಹಿಡಿದು, ಉಸಿರು ಕಟ್ಟಿ,
ಸರಕಿನ ಗುಂಡಿಗೆ ಇಳಿಸಿದಳು.
ಹಡಗು ಅಕ್ಕಿಯ ಮೇಲೆ ಕೂದಲೆಳೆಯಷ್ಟು ವಾಲಿತು.

ಇಷ್ಟು ತೂಕಕ್ಕೂ
ತಡ ಮಾಡುತ್ತಾರಾ, ತಿಯಾ?