ಹನ್ನೊಂದು ನಿಮಿಷಕ್ಕೆ ಅಕ್ಕ

ಬಿಳಿ ತಿಂಗಳ ಹಬ್ಬ ನಾಡಿದ್ದು. ಹೊರಗಿನಿಂದ
ಮೈನಸ್ ಇಪ್ಪತ್ತೆಂಟು ಡಿಗ್ರಿ
ಕಿಟಕಿಗೆ ಮೂಗೊತ್ತಿ ನಿಂತಿದೆ.
ಎರ್ದೆನೆತ್ತಿನ ಗಣಿಲಾರಿ ದಡದಡ ಹಾಯ್ದಾಗೆಲ್ಲ
ಗೋಡೆಯ ಕಾಗದದ ಕುದುರೆಗಳು
ಕೆನೆಯದೆ ಕುಣಿಯುತ್ತವೆ.

"ಇವತ್ತು ಪಾಠ ಇಲ್ಲ, ಆಟ" ಅಂದೆ.
"ವಯಸ್ಸಿನ ಸಾಲು ಕಟ್ಟಿ. ಹಿರಿಯರು ಬಾಗಿಲ ಕಡೆ.
ಚಿಕ್ಕವರು ಕೈ ಚಾಚಿ
ದೊಡ್ಡವರ ಮೊಣಕೈಗೆ ಕೆಳಗಿನಿಂದ ಆಸರೆ ಕೊಟ್ಟು
'ನೆಮ್ಮದಿಯೇ?' ಅಂತ ಕೇಳಬೇಕು, ಅಷ್ಟೆ."

ಅಷ್ಟೆ ಅಂದೆನಲ್ಲ!
ಇಪ್ಪತ್ಮೂರು ಐದು-ವರ್ಷಗಳು
ಒಂದರ ಮೇಲೊಂದು ಉರುಳಿಬಿದ್ದವು.
"ನಂದು ಹಂದಿ ವರ್ಷ!" "ನಂದು ಇಲಿ!"
"ನನ್ನ ಹಲ್ಲು ಬಿದ್ದಿದೆ, ನಾನೇ ಹಿರಿಯ" ಅಂದ
ಒದ್ಸುರೆನ್, ಸಂದು ತೋರಿಸಿ.

ಕೊನೆಗೆ ಉಳಿದದ್ದು ಅವಳಿ ಜವಳಿ,
ಒಂದೇ ಹಸಿರು ತಾನಿನ ಎರಡು ನಿಲುವಂಗಿ.
ನೊಮುಂದಾರಿ ಹನ್ನೊಂದು ನಿಮಿಷಕ್ಕೆ ಅಕ್ಕ.
ಆ ಹನ್ನೊಂದು ನಿಮಿಷ
ಹುಟ್ಟಿದಾಗಿನಿಂದ ಮುಷ್ಟಿಯಲ್ಲಿಟ್ಟ ಕಲ್ಲುಸಕ್ಕರೆ,
ಯಾರಿಗೂ ಚೂರು ಮುರಿದು ಕೊಟ್ಟವಳಲ್ಲ.
ಯೆಸುಯ್ ಕೈ ಚಾಚಲಿಲ್ಲ.
"ಮೊದಲು ಅವಳು ಕೇಳಲಿ."

ಸರಿ, ಮೂಳೆ ಹೇಳಲಿ ಎಂದು
ಸಂತೆಯಿಂದ ತಂದ ಶಗಾಯ್ ಸುರಿದೆ.
ಉಬ್ಬು ಮೇಲಾದರೆ ಕುರಿ, ತಗ್ಗಾದರೆ ಆಡು,
ಪಕ್ಕಕ್ಕೆ ನಿಂತರೆ ಕುದುರೆ, ಇಲ್ಲವೇ ಒಂಟೆ.
ನಾಲ್ಕೂ ಒಟ್ಟಿಗೆ ಬಿದ್ದವರು ಇವತ್ತಿಗೆ ಹಿರಿಯರು.
ಯೆಸುಯ್ ಎಸೆದಳು: ಕುರಿ, ಕುರಿ, ಕುರಿ, ಕುರಿ.
ಮತ್ತೆ ಎಸೆದಳು. ಕುರಿಯೋ ಕುರಿ.
ಹಾಳಾದ ಪ್ಲಾಸ್ಟಿಕ್ಕು, ಅದಕ್ಕೇನು ಗೊತ್ತು
ಹುಲ್ಲು, ಓಟ, ಹಸಿವು?
ನೊಮುಂದಾರಿ ಮೂಳೆ ಮುಟ್ಟಲೇ ಇಲ್ಲ:
"ನನ್ಹತ್ರ ಮೊದಲೇ ಇದೆ."

ಅಷ್ಟರಲ್ಲಿ ಅಡುಗೆಯ ದುಲಮ್ಜಾವಜ್ಜಿ,
ತಲೆಯೆತ್ತರ ಹಬೆ, ತಟ್ಟೆ ತುಂಬ ಮಾಂಸದ ಕಡುಬು.
ಸಾಲು ಹರಿಯಿತು.
ಎಲ್ಲರೂ ಅಜ್ಜಿಯ ಮೊಣಕೈಗೆ ಕೈ ಚಾಚಿದರೆ
ಸಿಕ್ಕಿದ್ದು ಮೊಣಕಾಲು!
ಇಪ್ಪತ್ಮೂರು ಆಸರೆಗಳ ನಡುವೆ
ಬೀಳುವ ಹಾಗಾಗಿ ಅಜ್ಜಿ
"ನೆಮ್ಮದಿ, ನೆಮ್ಮದಿ, ಬಿಡ್ರೋ" ಎಂದು
ನೆಲಕ್ಕೇ ಕೂತರು.

ಜಗಳ ಅವರ ಮಡಿಲಿಗೆ ಹೋಯಿತು.
ಕೇಳಿ, ಅಗಿದು, ನುಂಗಿ, ಅಂದರು ನಿಧಾನ:
"ಅಲ್ಲ ಮಗಾ, ಆ ಹನ್ನೊಂದು ನಿಮಿಷ
ಒಬ್ಬಳೇ ಏನು ಮಾಡ್ತಿದ್ದೆ?"

ನೊಮುಂದಾರಿ ಯೋಚಿಸಿದಳು.
ಕೆನ್ನೆಯಲ್ಲಿ ಕಡುಬು ಹಾಗೇ ನಿಂತಿತು.
"ಇವಳು ಯಾಕೆ ಇನ್ನೂ ಬರ್ಲಿಲ್ಲ ಅಂತ
ಅಳ್ತಿದ್ದೆ."

ಯೆಸುಯ್ ಅಂಗಿಗೆ ಅಂಗೈ ಒರೆಸಿ
ಅಕ್ಕನ ಮೊಣಕೈ ಕೆಳಗೆ ಒಡ್ಡಿದಳು.
ಒಂದೇ ಕೈ.
ಇನ್ನೊಂದರಲ್ಲಿ ಕಡುಬಿತ್ತು.